ಎರಡು ವರ್ಷ, ಒಂದೇ ಗ್ರಾಫ್: ದಿನಾಂಕ ತಪ್ಪಿದರೆ ಹೋಲಿಕೆಯೂ ತಪ್ಪು

ಬೆಂಗಳೂರು: ಮುಂಗಾರು ಆರಂಭವಾಯಿತೆಂದರೆ ಕೃಷ್ಣರಾಜಸಾಗರದ ನೀರಿನ ಮಟ್ಟ ನಿತ್ಯದ ಸುದ್ದಿಯಾಗುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು ಎಂಬ ಸಾಲುಗಳ ಮೇಲೆ ಕಣ್ಣಾಡಿಸದ ಬೆಂಗಳೂರಿಗರು ವಿರಳ. 'ಕಳೆದ ವರ್ಷ ಇದೇ ದಿನ' ಎಂಬ ಮಾತು ಮನುಷ್ಯರಿಗೆ ಸಲೀಸಾಗಿ ಅರ್ಥವಾಗುತ್ತದೆ. ಆದರೆ ವರದಿ ಸಿದ್ಧಪಡಿಸುವ ತಂತ್ರಾಂಶಗಳಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಹೇಳದೇ ಹೋದರೆ ಗ್ರಾಫ್ ಸಿದ್ಧವಾಗುತ್ತದೆ, ಹೋಲಿಕೆ ಮಾತ್ರ ಸಿಗುವುದಿಲ್ಲ.

ನಗರದ ಪಶ್ಚಿಮ ಭಾಗದ ಮಲ್ಲತ್ತಹಳ್ಳಿಯಲ್ಲಿ ಒಂದು ವಸತಿ ಸಮುಚ್ಚಯವಿದೆ ಎಂದು ಊಹಿಸಿಕೊಳ್ಳಿ. ಪ್ರತಿದಿನ ಎಷ್ಟು ಟ್ಯಾಂಕರ್ ನೀರು ತರಿಸಲಾಯಿತು ಎಂಬುದನ್ನು ಅಲ್ಲಿನ ಸಂಘದ ಕಾರ್ಯದರ್ಶಿ ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದಾರೆ. ಬೆಂಗಳೂರು ನೀರಿಗಾಗಿ ಪರಿತಪಿಸಿದ 2024ರ ಬೇಸಿಗೆಯ ಲೆಕ್ಕವೂ ಅದರಲ್ಲಿದೆ, 2025ರದ್ದೂ ಇದೆ. ಪರಿಸ್ಥಿತಿ ಸುಧಾರಿಸಿದೆಯೇ, ಇನ್ನೊಂದು ಕೊಳವೆಬಾವಿ ಕೊರೆಸಬೇಕೇ ಎಂಬುದನ್ನು ಸಂಘದ ಸರ್ವಸದಸ್ಯರ ಸಭೆ ತೀರ್ಮಾನಿಸಬೇಕು. ಲಕ್ಷಾಂತರ ರೂಪಾಯಿಯ ನಿರ್ಧಾರವೊಂದು ಆ ಗ್ರಾಫ್‌ನ ಮೇಲೆ ನಿಂತಿದೆ.

ಗೆರೆಗಳೇಕೆ ಒಂದರ ಮೇಲೊಂದು ಬರುವುದಿಲ್ಲ?

ಎಕ್ಸೆಲ್ ಪ್ರತಿ ದಿನಾಂಕವನ್ನೂ ಒಂದು ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1ಕ್ಕೆ 1 ಎಂದು ಎಣಿಕೆ ಆರಂಭ. ಅದರಂತೆ 2024ರ ಜನವರಿ 1 ಎಂದರೆ 45292. 2025ರ ಜನವರಿ 1 ಎಂದರೆ 45658. ಅಡ್ಡ ಅಕ್ಷದಲ್ಲಿ ಇವೆರಡರ ನಡುವೆ 366 ದಿನಗಳ ಅಂತರವಿರುವುದರಿಂದ, 2024ರ ಗೆರೆ ಮುಗಿದ ಮೇಲೆಯೇ 2025ರ ಗೆರೆ ಶುರುವಾಗುತ್ತದೆ. ಅಕ್ಷದ ಮೇಲಿನ ಬರಹದಿಂದ ವರ್ಷವನ್ನು ಅಳಿಸಿ ದಿನ, ತಿಂಗಳು ಮಾತ್ರ ಕಾಣುವಂತೆ ಮಾಡಿದರೂ ಪ್ರಯೋಜನವಿಲ್ಲ. ಬದಲಾಗುವುದು ತೋರಿಕೆ ಮಾತ್ರ. ಒಳಗಿನ ಸಂಖ್ಯೆ ಹಾಗೆಯೇ ಇರುತ್ತದೆ.

ಇದಕ್ಕೆ ಪರಿಹಾರ ಸರಳ. ಮೂಲ ದಿನಾಂಕದ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ದಿನ ಮತ್ತು ತಿಂಗಳನ್ನು ಉಳಿಸಿಕೊಂಡು, ಎಲ್ಲ ದಿನಾಂಕಗಳಿಗೂ ಒಂದೇ ವರ್ಷವನ್ನು ಕೊಡಬೇಕು. ಅಡ್ಡ ಅಕ್ಷಕ್ಕೆ ಈ ಕಾಲಂ ಬಳಸಿ, ಒಂದೊಂದು ವರ್ಷಕ್ಕೆ ಒಂದೊಂದು ಬಣ್ಣದ ಗೆರೆ ಎಳೆಯಬೇಕು. ಆನಂತರ ಅಕ್ಷದ ಬರಹದಿಂದ ವರ್ಷವನ್ನು ಮರೆಮಾಡಬೇಕು. ನಿಜವಾದ ವರ್ಷ ಯಾವುದೆಂಬುದನ್ನು ಗೆರೆಯ ಹೆಸರು ಹೇಳುತ್ತದೆ.

ಹಾಗೆ ಆರಿಸಿಕೊಳ್ಳುವ ವರ್ಷ ಅಧಿಕ ವರ್ಷವಾಗಿರಲಿ. 2023ನ್ನು ಆರಿಸಿದರೆ ಅದರಲ್ಲಿ ಫೆಬ್ರವರಿ 29 ಇಲ್ಲದ ಕಾರಣ, 2024ರ ಆ ದಿನದ ಲೆಕ್ಕ ಮಾರ್ಚ್ 1ಕ್ಕೆ ಜಾರಿ ಒಂದೇ ದಿನಕ್ಕೆ ಎರಡು ಬಿಂದುಗಳಾಗುತ್ತವೆ. 2000 ಅಥವಾ 2024 ಆದರೆ ಈ ತೊಡಕಿಲ್ಲ.

ದಿನದ ಬದಲು ತಿಂಗಳ ಮೊತ್ತ ಸಾಕೆನ್ನುವವರು ಪವರ್ ಬಿಐ ಮುಂತಾದವುಗಳಲ್ಲಿ ಅಕ್ಷಕ್ಕೆ ತಿಂಗಳ ಹೆಸರನ್ನೇ ಕೊಡುವುದುಂಟು. ಆಗ ತಿಂಗಳುಗಳು ಅಕಾರಾದಿಯಾಗಿ ನಿಲ್ಲುವ ಅಪಾಯವಿದೆ. ಇಂಗ್ಲಿಷಿನಲ್ಲಾದರೆ ಏಪ್ರಿಲ್, ಆಗಸ್ಟ್, ಡಿಸೆಂಬರ್. ಕನ್ನಡದಲ್ಲಾದರೆ ಅಕ್ಟೋಬರ್, ಆಗಸ್ಟ್, ಏಪ್ರಿಲ್! ತಿಂಗಳ ಕ್ರಮಸಂಖ್ಯೆಯ ಕಾಲಂ ಇಟ್ಟು, ಅದರ ಪ್ರಕಾರವೇ ಜೋಡಿಸುವಂತೆ ಸೂಚಿಸಬೇಕು.

ವರ್ಷ ಎಲ್ಲಿಂದ ಆರಂಭ?

ಜನವರಿಯಿಂದಲೇ ಆರಂಭಿಸಬೇಕೆಂಬ ನಿಯಮವೇನೂ ಇಲ್ಲ. ಆಯವ್ಯಯಕ್ಕೆ ಏಪ್ರಿಲ್ 1 ಹೊಸ ವರ್ಷ. ಕಾವೇರಿ ನೀರು ಹಂಚಿಕೆಯ ಲೆಕ್ಕದಲ್ಲಿ ಜಲವರ್ಷ ಜೂನ್ 1ರಿಂದ ಮೇ 31ರವರೆಗೆ. ಕೆಆರ್‌ಎಸ್ ಭರ್ತಿಯಾದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದು ವಾಡಿಕೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ. ಅದರ ಬಿಸಿ ತಟ್ಟಿದ್ದು 2024ರ ಬೇಸಿಗೆಯಲ್ಲಿ. 2024ರಲ್ಲಿ ಜುಲೈ 29ರಂದು, 2025ರಲ್ಲಿ ಜೂನ್ 30ರಂದು ಬಾಗಿನ ಅರ್ಪಣೆಯಾಯಿತು. ಜನವರಿಯಿಂದ ಡಿಸೆಂಬರ್‌ವರೆಗಿನ ಗ್ರಾಫ್‌ನಲ್ಲಿ ಕೈಕೊಟ್ಟ ಮುಂಗಾರು ಒಂದು ಗೆರೆಯಲ್ಲಿ, ಅದರ ಫಲವಾದ ಬೇಸಿಗೆ ಮತ್ತೊಂದು ಗೆರೆಯಲ್ಲಿ ಕಾಣುತ್ತದೆ. ಜೂನ್‌ನಿಂದ ಆರಂಭಿಸಿದರೆ ಕಾರಣ ಮತ್ತು ಪರಿಣಾಮ ಒಂದೇ ಗೆರೆಯಲ್ಲಿ ಸಿಗುತ್ತವೆ. ಇದಕ್ಕಾಗಿ ಜೂನ್‌ನಿಂದ ಡಿಸೆಂಬರ್‌ವರೆಗಿನ ದಿನಗಳಿಗೆಲ್ಲ 2023, ಜನವರಿಯಿಂದ ಮೇವರೆಗಿನವಕ್ಕೆ 2024 ಎಂದು ಕೊಟ್ಟರಾಯಿತು. ಫೆಬ್ರವರಿ 29ಕ್ಕೂ ಸ್ಥಳವಿರುತ್ತದೆ.

ಗಮನಿಸಬೇಕಾದ ಮೂರು ಅಂಶಗಳು

ಮೊದಲನೆಯದು, ದಿನಾಂಕ ನಿಜಕ್ಕೂ ದಿನಾಂಕವಾಗಿದೆಯೇ ಎಂಬುದು. ಕಂಪ್ಯೂಟರ್‌ನಲ್ಲಿ ಅಮೆರಿಕದ ಪದ್ಧತಿ ಇದ್ದರೆ, 03/04 ಎಂದು ಬರೆದ ಏಪ್ರಿಲ್ 3 ಮಾರ್ಚ್ 4 ಆಗಿಬಿಡುತ್ತದೆ. 13/04 ಬರೀ ಪಠ್ಯವಾಗಿ ಉಳಿಯುತ್ತದೆ. ಪಠ್ಯವಾದರೆ ಬಿಂದುಗಳೆಲ್ಲ ಸಮಾನ ಅಂತರದಲ್ಲಿ ಕೂರುತ್ತವೆ. ಲೆಕ್ಕ ಬರೆಯದೆ ಬಿಟ್ಟ ಹತ್ತು ದಿನಗಳ ಸುಳಿವೇ ಸಿಗದೆ, ಒಂದು ವರ್ಷದ ಮಾರ್ಚ್ 10 ಇನ್ನೊಂದು ವರ್ಷದ ಮಾರ್ಚ್ 20ರ ಎದುರು ಬಂದು ನಿಲ್ಲಬಹುದು.

ಎರಡನೆಯದು, ಮುಗಿಯದ ತಿಂಗಳು. ತಿಂಗಳ 8ರಂದು ಗ್ರಾಫ್ ಎಳೆದರೆ ಈ ವರ್ಷದ ಗೆರೆ ಕೊನೆಯಲ್ಲಿ ದಿಢೀರನೆ ಕುಸಿಯುತ್ತದೆ. ಅದು ಟ್ಯಾಂಕರ್ ಬಳಕೆಯ ಇಳಿಕೆಯಲ್ಲ, ಕೇವಲ ಎಂಟು ದಿನಗಳ ಮೊತ್ತ. ಪೂರ್ಣಗೊಂಡ ತಿಂಗಳಿಗೇ ಗೆರೆ ನಿಲ್ಲಿಸುವುದು ಲೇಸು.

ಮೂರನೆಯದು, 'ಇದೇ ದಿನ' ಎಂದರೆ ಯಾವ ಪಂಚಾಂಗದ ದಿನ ಎಂಬುದು. ಯುಗಾದಿ 2024ರಲ್ಲಿ ಏಪ್ರಿಲ್ 9ರಂದು, 2025ರಲ್ಲಿ ಮಾರ್ಚ್ 30ರಂದು ಬಂತು. ರಾಜಾಜಿನಗರದ ಬಟ್ಟೆ ಅಂಗಡಿಯೊಂದು ಎರಡೂ ವರ್ಷಗಳ ಏಪ್ರಿಲ್ ವ್ಯಾಪಾರವನ್ನು ಹೋಲಿಸಿದರೆ ಹಬ್ಬದ ವ್ಯಾಪಾರ ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗುತ್ತದೆ. ಅಂಥ ಲೆಕ್ಕಕ್ಕೆ 'ಹಬ್ಬಕ್ಕೆ ಇನ್ನೆಷ್ಟು ದಿನ' ಎಂಬ ಎಣಿಕೆಯೇ ಸರಿಯಾದ ಅಕ್ಷ. ಮಳೆ-ನೀರಿನ ಲೆಕ್ಕಕ್ಕೆ ಮಾತ್ರ ಕ್ಯಾಲೆಂಡರ್ ತಾರೀಖೇ ಸಾಕು. ರೈತರ ಮಳೆ ನಕ್ಷತ್ರಗಳೂ ಸೂರ್ಯನ ಚಲನೆಯನ್ನೇ ಅನುಸರಿಸುವುದರಿಂದ ಆರಿದ್ರಾ ಮಳೆ ಪ್ರತಿ ವರ್ಷ ಜೂನ್ 21-22ರ ಆಸುಪಾಸಿನಲ್ಲೇ ಹುಟ್ಟುತ್ತದೆ.

ಸಭೆಯಲ್ಲಿ ಗ್ರಾಫ್ ತೋರಿಸಿದಾಗ ಸದಸ್ಯರು ಮೊದಲು ನೋಡಬೇಕಾದದ್ದು ಮೇಲೇರುವ, ಕೆಳಗಿಳಿಯುವ ಗೆರೆಗಳನ್ನಲ್ಲ, ತಳದಲ್ಲಿರುವ ದಿನಾಂಕಗಳನ್ನು. ಅಲ್ಲಿ ಒಂದು ವರ್ಷದ ದಿನ ಇನ್ನೊಂದು ವರ್ಷದ ಅದೇ ದಿನದ ನೇರಕ್ಕೆ ಬಂದಿದ್ದರೆ ಮಾತ್ರ ಕೊಳವೆಬಾವಿಯ ಚರ್ಚೆಯನ್ನು ಮುಂದುವರಿಸಬಹುದು.