ನಿಮಗಿದು ಗೊತ್ತೆ?: ಆಪರೇಷನ್ ನಡುವೆ ‘ಕಾಲು ಅಲ್ಲಾಡಸ್ರಿ!’

ಬೆನ್ನೆಲುಬಿನ ಆಪರೇಷನ್ ಅರ್ಧದಲ್ಲಿರುವಾಗಲೇ ರೋಗಿಯನ್ನು ಎಚ್ಚರಿಸುವ ಪದ್ಧತಿಯೊಂದಿತ್ತು! ಮೊದಲು ‘ಕೈ ಹಿಸುಕಿ’ ಎನ್ನುತ್ತಿದ್ದರು. ಎಚ್ಚರವಾಗಿದೆ ಎಂದು ಖಾತ್ರಿಯಾದ ಮೇಲೆ ‘ಕಾಲು ಅಲ್ಲಾಡಿಸಿ’. ನಮ್ಮ ಆರಗ, ಮಿರಜದ ಕಡೆಯಾದರೆ ‘ಅಲ್ಲಾಡಸ್ರಿ’! ಕೈ ಆಡಿ ಕಾಲು ಆಡದಿದ್ದರೆ ಬೆನ್ನುಹುರಿಗೆ ಪೆಟ್ಟಾಗಿರುವ ಶಂಕೆ. ಫ್ರಾನ್ಸಿನ ಸ್ಟಾನ್ಯಾರಾ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಉಪಾಯವಿದು. ಎಚ್ಚರವಾದದ್ದು ರೋಗಿಗೆ ಸಾಮಾನ್ಯವಾಗಿ ನೆನಪಿರುವುದಿಲ್ಲ, ಪುಣ್ಯ.

ಈಗ ಹೆಚ್ಚಾಗಿ ಯಂತ್ರವೇ ಕಾವಲು. ನೆತ್ತಿಯ ಚರ್ಮಕ್ಕೂ ಕಾಲಿನ ಸ್ನಾಯುಗಳಿಗೂ ಸಣ್ಣ ಸೂಜಿ ಚುಚ್ಚಿರುತ್ತಾರೆ. ನೆತ್ತಿಗೆ ವಿದ್ಯುತ್ ಮಿಡಿತ ಕೊಟ್ಟರೆ ನಿದ್ದೆಯಲ್ಲೇ ಪಾದ ಮಿಡುಕುತ್ತದೆ. ಪರದೆಯಲ್ಲಿ ಅಲೆ ಏಳುತ್ತದೆ. ಮೂಳೆ ಬೆಸೆಯಲು ಹಾಕಿದ ಸ್ಕ್ರೂಗೂ ಕರೆಂಟಿನ ಪರೀಕ್ಷೆ ಉಂಟು. ತೀರ ಕಡಿಮೆ ಕರೆಂಟಿಗೇ ಕಾಲಿನ ಸ್ನಾಯು ಅದುರಿತೇ? ಸ್ಕ್ರೂ ಮೂಳೆಯ ಗೋಡೆ ಸೀಳಿ ನರದ ಹತ್ತಿರ ಹೋಗಿರಬಹುದು.