ಸ್ವಾತಂತ್ರ್ಯ ದಿನಾಚರಣೆ: ಇತಿಹಾಸ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾಯಿತು. ಆದರೆ ಇಂದಿನ ಕರ್ನಾಟಕದ ಎಲ್ಲ ಭಾಗಗಳ ಜನರಿಗೂ ಅದರ ಫಲ ಒಂದೇ ದಿನ ದೊರೆಯಲಿಲ್ಲ. ಮುಂಬಯಿ ಮತ್ತು ಮದ್ರಾಸ್ ಪ್ರಾಂತಗಳಲ್ಲಿದ್ದ ಜಿಲ್ಲೆಗಳು ಅಂದೇ ಬ್ರಿಟಿಷ್ ಆಡಳಿತದಿಂದ ಬಿಡುಗಡೆ ಹೊಂದಿದವು. ಮೈಸೂರು ಸಂಸ್ಥಾನದಲ್ಲಿ 'ಮೈಸೂರು ಚಲೋ' ಚಳವಳಿಯ ನಂತರ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ರಚನೆಯಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಭಾಗಗಳು 1948ರ ಸೆಪ್ಟೆಂಬರ್ 17ರಂದು ವಿಮೋಚನೆಗೊಂಡವು.

ಈ ಹೋರಾಟದಲ್ಲಿ ಗ್ರಾಮಗಳ ಪಾತ್ರ ಹಿರಿದು. 1938ರಲ್ಲಿ ಮದ್ದೂರು ಸಮೀಪದ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವನ್ನು ಹಾರಿಸಲಾಯಿತು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಊರನ್ನು ಸ್ವತಂತ್ರವೆಂದು ಸಾರಿ, ಸ್ವಂತ ಸರ್ಕಾರವನ್ನು ರಚಿಸಿಕೊಂಡರು. ತರುವಾಯ ನಡೆದ ಸಂಘರ್ಷದ ಮೊಕದ್ದಮೆಯಲ್ಲಿ ಐವರು ಗ್ರಾಮಸ್ಥರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯಿತು. ತಮ್ಮ ಊರಿನ ಆಡಳಿತ ತಮ್ಮದಾಗಿರಬೇಕೆಂಬ ಅವರ ಆಶಯವೇ ಇಂದು ಗ್ರಾಮ ಪಂಚಾಯಿತಿಗಳಲ್ಲಿ ಕಾರ್ಯರೂಪಕ್ಕೆ ಬಂದಿದೆ.

ಧ್ವಜಾರೋಹಣದ ಸಂದರ್ಭದಲ್ಲಿ ಭಾರತದ ಧ್ವಜ ಸಂಹಿತೆ, 2002ರ ಈ ಅಂಶಗಳನ್ನು ಗಮನಿಸತಕ್ಕದ್ದು:

1. ಧ್ವಜದ ಉದ್ದ ಮತ್ತು ಅಗಲ 3:2ರ ಪ್ರಮಾಣದಲ್ಲಿರಬೇಕು. ಕೇಸರಿ ಪಟ್ಟಿ ಮೇಲ್ಭಾಗದಲ್ಲಿರಬೇಕು.
2. ಹರಿದ, ಮಾಸಿದ ಅಥವಾ ಸುಕ್ಕುಗಟ್ಟಿದ ಧ್ವಜವನ್ನು ಹಾರಿಸಬಾರದು. ಧ್ವಜದ ಮೇಲೆ ಯಾವುದೇ ಬರಹ ಇರಬಾರದು.
3. ಧ್ವಜವನ್ನು ಚುರುಕಾಗಿ ಏರಿಸಿ, ನಿಧಾನವಾಗಿ ಇಳಿಸಬೇಕು. ಅದು ನೆಲವನ್ನು ಸೋಕಬಾರದು.
4. ಅನ್ಯ ಧ್ವಜ ಅಥವಾ ಬಾವುಟವು ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿರಬಾರದು.
5. ಕಾಗದದ ಧ್ವಜಗಳನ್ನು ಸಮಾರಂಭದ ನಂತರ ನೆಲದ ಮೇಲೆ ಎಸೆಯಬಾರದು; ಗೌರವಪೂರ್ವಕವಾಗಿ, ಖಾಸಗಿಯಾಗಿ ವಿಲೇವಾರಿ ಮಾಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಪಂಚಾಯಿತಿ ಕಚೇರಿಯಲ್ಲಿ ಅಧ್ಯಕ್ಷರು ಧ್ವಜಾರೋಹಣ ನೆರವೇರಿಸುವ ಪದ್ಧತಿಯಿದೆ. ಅಧ್ಯಕ್ಷರು ಮಹಿಳೆಯಾಗಿದ್ದಲ್ಲಿ ಅವರ ಪತಿಯೋ ಬಂಧುಗಳೋ ಆ ಸ್ಥಾನದಲ್ಲಿ ನಿಲ್ಲುವುದು ಸಲ್ಲದು. ಅಧ್ಯಕ್ಷರು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದು, ಅವರನ್ನು ಬೆದರಿಸಿ ಕರ್ತವ್ಯಕ್ಕೆ ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧ. ನಿಯಮಾನುಸಾರ ಹಾರಿದ ಧ್ವಜದ ಕೆಳಗೇ ಚುನಾಯಿತ ಪ್ರತಿನಿಧಿಯೊಬ್ಬರು ಬದಿಗೆ ಸರಿಯಬೇಕಾಗಿ ಬಂದರೆ ಆ ಆಚರಣೆಗೆ ಅರ್ಥ ಉಳಿಯದು.

ಆದ್ದರಿಂದ ಸದಸ್ಯರು ಪೂರ್ವಭಾವಿ ಸಭೆಯಲ್ಲಿಯೇ ಕಾರ್ಯಕ್ರಮದ ಕ್ರಮವನ್ನು ನಿರ್ಧರಿಸಿ ನಡಾವಳಿಯಲ್ಲಿ ದಾಖಲಿಸುವುದು, ಧ್ವಜ, ಹಗ್ಗ ಹಾಗೂ ಕಂಬವನ್ನು ಹಿಂದಿನ ದಿನವೇ ಪರಿಶೀಲಿಸುವುದು ಮತ್ತು ಗ್ರಾಮದ ಎಲ್ಲ ಕೇರಿಗಳ ಜನರನ್ನೂ ಸಮಾರಂಭಕ್ಕೆ ಆಹ್ವಾನಿಸುವುದು ಸೂಕ್ತ.