ಗಣಕಯಂತ್ರದೊಳಗೊಂದು ಗಿರಿಪಥ

ವೇಗವಾಗಿ ಸಾಗುವ ಬಸ್ಸು ರಸ್ತೆಯ ದಿಣ್ಣೆಯೊಂದನ್ನು ಹತ್ತಿ ಇಳಿಯುವಾಗ ಹಿಂದಿನ ಆಸನದಲ್ಲಿ ಕುಳಿತವರಿಗೆ ಕ್ಷಣಕಾಲ ಮೈ ಹಗುರಾದಂತೆ ಭಾಸವಾಗುವುದುಂಟು. ಇದು ಬರಿಯ ಭ್ರಮೆಯಲ್ಲ. ಆಸನವು ನಮ್ಮನ್ನು ಮೇಲಕ್ಕೆ ಒತ್ತುವ ಬಲ ಆ ಕ್ಷಣದಲ್ಲಿ ನಿಜವಾಗಿಯೂ ಕಡಿಮೆಯಾಗಿರುತ್ತದೆ. ನಮಗೆ ವಿನೋದವೆನಿಸುವ ಈ ಸಂಗತಿ, ಪಂದ್ಯದ ಕಾರನ್ನು ನಡೆಸುವವನಿಗೆ ಪ್ರಾಣದ ಪ್ರಶ್ನೆಯಾಗಬಲ್ಲುದು.

ಜರ್ಮನಿಯ ಐಫೆಲ್ ಬೆಟ್ಟಗಳಲ್ಲಿ, ನ್ಯೂರ್‌ಬುರ್ಗ್ ಎಂಬ ಹಳೆಯ ಕೋಟೆಯ ಸುತ್ತ, 1927ರಲ್ಲಿ ಪಂದ್ಯಗಳಿಗೆ ತೆರೆದ ರಸ್ತೆಯೊಂದಿದೆ. ಅದರ ಉತ್ತರದ ಸುತ್ತಿಗೆ ನಾರ್ಡ್‌ಶ್ಲೈಫೆ ಎಂದು ಹೆಸರು. ಉದ್ದ 20.832 ಕಿಲೋಮೀಟರು, ಅತ್ಯಂತ ತಗ್ಗಿನ ಮತ್ತು ಅತ್ಯಂತ ಎತ್ತರದ ಸ್ಥಳಗಳ ನಡುವಣ ಅಂತರ ಸುಮಾರು 300 ಮೀಟರು. ಕಾಡಿನ ನಡುವೆ ಏರುತ್ತ, ಇಳಿಯುತ್ತ, ಹೊರಳುತ್ತ ಹೋಗುವ ಈ ರಸ್ತೆಯನ್ನು ಜಾಕಿ ಸ್ಟೀವರ್ಟ್ ಎಂಬ ಪ್ರಸಿದ್ಧ ಚಾಲಕನು ‘ಹಸಿರು ನರಕ’ವೆಂದು ಕರೆದನು. 1976ರ ಆಗಸ್ಟ್ 1ರಂದು ಇಲ್ಲಿ ನಿಕಿ ಲೌಡಾನ ಕಾರು ಅಪಘಾತಕ್ಕೀಡಾಗಿ ಹೊತ್ತಿಕೊಂಡಿತು. ಜೊತೆಯ ಚಾಲಕರು ಅವನನ್ನು ಉರಿಯಿಂದ ಹೊರಗೆಳೆದು ಉಳಿಸಿದರು. ಆಗ ಇಂತಹ ರಸ್ತೆಯನ್ನು ಕಲಿಯಲು ಇದ್ದ ಮಾರ್ಗ ಒಂದೇ: ಅದರ ಮೇಲೆಯೇ ಕಾರನ್ನು ಓಡಿಸುವುದು. ತಪ್ಪಿಗೆ ತೆರಬೇಕಾದ ಬೆಲೆಯನ್ನು ಅಲ್ಲಿಯೇ ತೆರಬೇಕಾಗಿತ್ತು.

ಇಂದು ಇನ್ನೊಂದು ಮಾರ್ಗವಿದೆ. ಚಾಲಕನು ಕೋಣೆಯಲ್ಲಿ ಕುಳಿತು ಚಕ್ರವನ್ನು ತಿರುಗಿಸಿದರೆ, ಗಣಕಯಂತ್ರವು ಕಾರಿನ ಚಲನೆಯನ್ನು ಲೆಕ್ಕ ಹಾಕಿ ಎದುರಿನ ತೆರೆಯ ಮೇಲೆ ರಸ್ತೆಯನ್ನು ಓಡಿಸುತ್ತದೆ. ಇದೇ ಸಿಮ್ಯುಲೇಟರ್. ಅದರೊಳಗಿನ ರಸ್ತೆ ನಿಜವಾದ ರಸ್ತೆಯನ್ನು ಎಷ್ಟರಮಟ್ಟಿಗೆ ಹೋಲಬೇಕು? ಮರಗಳೂ ತಿರುವುಗಳೂ ಸ್ವಸ್ಥಾನದಲ್ಲಿದ್ದರೆ ಸಾಲದೆ? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ದಿಣ್ಣೆಯ ನೆತ್ತಿಯನ್ನು 250 ಮೀಟರು ತ್ರಿಜ್ಯದ ವೃತ್ತದ ಒಂದು ಚಾಪವೆಂದು ಭಾವಿಸಿರಿ. ಕಾರು ಆ ಬಾಗನ್ನು ಅನುಸರಿಸಬೇಕಾದರೆ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು ವೇಗೋತ್ಕರ್ಷ ಕೆಳಮುಖವಾಗಿ ಇರಬೇಕು. ಗಾಳಿಯ ಪ್ರಭಾವವನ್ನು ಸದ್ಯಕ್ಕೆ ಬಿಟ್ಟರೆ, ಅದನ್ನು ಒದಗಿಸಬಲ್ಲುದು ಗುರುತ್ವವೊಂದೇ. ಅದರ ಮಿತಿ 9.8. ಆದುದರಿಂದ ಗಂಟೆಗೆ 178 ಕಿಲೋಮೀಟರು ವೇಗದಲ್ಲಿ ಗಾಲಿಗಳ ಮೇಲಿನ ಭಾರ ಸೊನ್ನೆಗಿಳಿಯುತ್ತದೆ. ಭಾರವಿಲ್ಲದ ಗಾಲಿಗೆ ಘರ್ಷಣೆಯಿಲ್ಲ. ಘರ್ಷಣೆಯಿಲ್ಲದ ಮೇಲೆ ಬ್ರೇಕನ್ನು ಒತ್ತಿಯೂ ಫಲವಿಲ್ಲ, ಚಕ್ರವನ್ನು ತಿರುಗಿಸಿಯೂ ಫಲವಿಲ್ಲ.

ಈಗ ಸಿಮ್ಯುಲೇಟರಿನಲ್ಲಿ ಅದೇ ದಿಣ್ಣೆಯ ತ್ರಿಜ್ಯ ತಪ್ಪಾಗಿ 300 ಮೀಟರು ಎಂದಾಗಿದೆಯೆನ್ನಿ. ಅಲ್ಲಿ ಗಾಲಿ ನೆಲ ಬಿಡುವುದು ಗಂಟೆಗೆ 195 ಕಿಲೋಮೀಟರು ವೇಗದಲ್ಲಿ. ಕೋಣೆಯಲ್ಲಿ 190ರ ವೇಗದಲ್ಲಿ ನಿರ್ಭಯವಾಗಿ ದಾಟಿ ಅಭ್ಯಾಸವಾದವನು ನಿಜವಾದ ರಸ್ತೆಯಲ್ಲಿ ಗಾಳಿಗೆ ನೆಗೆಯುತ್ತಾನೆ! ಎರಡು ದಿಣ್ಣೆಗಳ ಆಕಾರದಲ್ಲಿರುವ ವ್ಯತ್ಯಾಸವಾದರೂ ಎಷ್ಟು? ನೆತ್ತಿಯಿಂದ 20 ಮೀಟರು ಮುಂದೆ ಒಂದು 80 ಸೆಂಟಿಮೀಟರು ಇಳಿದಿದ್ದರೆ ಇನ್ನೊಂದು 67 ಸೆಂಟಿಮೀಟರು ಇಳಿದಿರುತ್ತದೆ. ಕೇವಲ 13 ಸೆಂಟಿಮೀಟರಿನ ಅಂತರ ಯಾವ ಸಾಮಾನ್ಯ ಭೂಪಟದಲ್ಲಿ ಕಾಣಿಸೀತು?

ಈ ಕೆಲಸಕ್ಕೆ ಒದಗಿಬಂದುದು ಲೇಸರ್. ಉಪಕರಣದಿಂದ ಹೊರಟ ಬೆಳಕು ರಸ್ತೆಗೆ ತಾಗಿ ಹಿಂದಿರುಗುವ ಕಾಲವನ್ನಳೆದರೆ ದೂರ ತಿಳಿಯುತ್ತದೆ. ತತ್ತ್ವ ಸರಳ, ಆದರೆ ಒಂದು ಮಿಲಿಮೀಟರನ್ನು ಗುರುತಿಸಲು, ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ ಅಂತಹ ಸುಮಾರು 7 ಭಾಗಗಳನ್ನು ಅಳೆಯಬೇಕು. ಆದುದರಿಂದ ಕೆಲವು ಉಪಕರಣಗಳಲ್ಲಿ ಬೆಳಕಿನ ತೀವ್ರತೆಯನ್ನು ಕ್ರಮವಾಗಿ ಏರಿಳಿಸಿ, ಹಿಂದಿರುಗಿದ ಏರಿಳಿತವು ಹೊರಟುದಕ್ಕಿಂತ ಎಷ್ಟು ಹಿಂದೆ ಬಿದ್ದಿದೆಯೆಂಬುದನ್ನು ಹೋಲಿಸಿ ನೋಡುತ್ತಾರೆ. ಹೀಗೆ ಸಂಗ್ರಹಿಸಿದ ಅಸಂಖ್ಯಾತ ಬಿಂದುಗಳನ್ನು ಜೋಡಿಸಿದಾಗ ರಸ್ತೆಯ ಮೈ ತೇಪೆ, ಬಿರುಕು, ಉಬ್ಬುಗಳೊಡನೆ ಮೂಡುತ್ತದೆ. 2015ರಲ್ಲಿ ಅಸೆಟ್ಟೊ ಕೋರ್ಸಾ, ಐರೇಸಿಂಗ್ ಎಂಬ ಎರಡು ಸಿಮ್ಯುಲೇಟರುಗಳು ಹೀಗೆ ಅಳೆದ ನಾರ್ಡ್‌ಶ್ಲೈಫೆಯನ್ನು ಬಳಕೆಗೆ ತಂದುವು. ಗಣಕಯಂತ್ರವು ಸೆಕೆಂಡಿಗೆ ನೂರಾರು ಸಲ ಪ್ರತಿಯೊಂದು ಗಾಲಿಯ ಕೆಳಗಿನ ಎತ್ತರವನ್ನು ನೋಡಿ, ಸ್ಪ್ರಿಂಗು ಎಷ್ಟು ಕುಗ್ಗಿತು, ಟೈರಿನ ಹಿಡಿತ ಎಷ್ಟು ಉಳಿಯಿತು ಎಂದು ಗುಣಿಸುತ್ತ ಹೋಗುತ್ತದೆ.

ಅದೇ ವರ್ಷದ ಮಾರ್ಚಿಯಲ್ಲಿ, ಈ ರಸ್ತೆಯ ಫ್ಲುಗ್‌ಪ್ಲಾಟ್ಸ್ ಎಂಬ ದಿಣ್ಣೆಯ ಬಳಿ, ಪಂದ್ಯದ ನಡುವೆ ಕಾರೊಂದು ಗಾಳಿಗೆದ್ದು ಬೇಲಿಯ ಮೇಲಿಂದ ಹಾರಿತು. ಒಬ್ಬ ಪ್ರೇಕ್ಷಕನು ಮೃತನಾದನು. ಮೂತಿ ಮೇಲೆದ್ದಾಗ ಅಡಿಯಲ್ಲಿ ನುಗ್ಗುವ ಗಾಳಿಯೂ ಕಾರನ್ನು ಎತ್ತುತ್ತದೆ. ಅನಂತರ ಅಲ್ಲಿಯ ಉಬ್ಬುಗಳನ್ನು ಸಮಗೊಳಿಸಿದರು. ಎಂದರೆ, ಅದಕ್ಕೆ ಮೊದಲು ಮಾಡಿದ ಅಳತೆ ಆ ಭಾಗದ ಮಟ್ಟಿಗೆ ಹಳೆಯದಾಯಿತು. ಪ್ರತಿಕೃತಿ ಎಷ್ಟೇ ನಿಖರವಾಗಿರಲಿ, ಅದು ಅಳೆದ ದಿನದ ರಸ್ತೆ.

ಇನ್ನೊಂದು ಕೊರತೆಯೂ ಉಂಟು. ತೆರೆಯ ಮೇಲೆ ದಿಣ್ಣೆ ಕಾಣುತ್ತದೆ, ಕೈಯಲ್ಲಿಯ ಚಕ್ರ ಮೋಟಾರಿನ ಬಲದಿಂದ ಅದುರುತ್ತದೆ. ಆದರೆ ಕದಲದ ಆಸನದಲ್ಲಿ ಕುಳಿತವನ ಮೈ ಹಗುರಾಗುವುದಿಲ್ಲ. ಮೊದಲು ಹೇಳಿದ ಬಸ್ಸಿನ ಪ್ರಯಾಣಿಕನಿಗೆ ತಿಳಿಯುವ ಆ ಎಚ್ಚರಿಕೆ ಇವನಿಗೆ ತಿಳಿಯದು. ಆದರೂ ಇಲ್ಲಿ ತಪ್ಪಿದವನು ಎದ್ದು, ನೀರು ಕುಡಿದು, ಮತ್ತೆ ಮೊದಲಿನಿಂದ ಹೊರಡಬಹುದು. ಲೌಡಾನ ಕಾಲದವರಿಗೆ ಈ ಭಾಗ್ಯವಿರಲಿಲ್ಲ.